ಅಮಾನತಿನ ಗುಲಾಬಿ

1950ರ ಮಳೆಗಾಲ ಮುಗಿಯುತ್ತ ಬಂದಿತ್ತು. ಸೈನ್ಯ ಬಂದು ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆ್ಯಕ್ಷನ್ ಆಗಿ ಎರಡು ವರ್ಷವಾಗಿತ್ತು. ಬೀದರ್ ಆಗ ಹೈದರಾಬಾದ್ ರಾಜ್ಯದ ಜಿಲ್ಲೆ. ನಾನು ಅಲ್ಲಿ ತೋಟಗಾರಿಕೆ ಇನ್ಸ್‌ಪೆಕ್ಟರ್. ಕಚೇರಿಯ ಕಾಗದಗಳು ಇನ್ನೂ ಉರ್ದುವಿನಲ್ಲೇ ಓಡಾಡುತ್ತಿದ್ದವು. ಭಾಲ್ಕಿಯ ನರ್ಸರಿ ನೋಡಿಕೊಳ್ಳುವುದು, ಔರಾದ್ ಕಡೆಯ ಮಾವಿನ ತೋಪುಗಳಿಗೆ ಕ್ಯಾಂಪ್ ಹೋಗುವುದು, ರೈತರಿಗೆ ಕಸಿ ಕಟ್ಟುವುದನ್ನು ಕಲಿಸುವುದು ನನ್ನ ಕೆಲಸ. ಮನೆಯಂಗಳದ ಹೂಗಿಡಕ್ಕೂ ನನಗೂ ಸಂಬಂಧವಿರಲಿಲ್ಲ. ಹೂವಿನ ಹುಚ್ಚಿನವರನ್ನು ಕಂಡರೆ ನನಗೆ ಸ್ವಲ್ಪ ಅಸಡ್ಡೆಯೂ ಇತ್ತು. ಹೊಟ್ಟೆಗೆ ಬಾರದ ಬೆಳೆಗೆ ಇಷ್ಟು ಆರೈಕೆ ಯಾಕೆ ಎನ್ನುವ ಜಾತಿ ನನ್ನದು.

ಒಂದು ಬೆಳಿಗ್ಗೆ ನಡುವಯಸ್ಸಿನ ಹೆಣ್ಣುಮಗಳೊಬ್ಬರು ಕಚೇರಿಯ ಮೆಟ್ಟಿಲ ಮೇಲೆ ಬಂದು ಕುಳಿತರು. ಹೆಸರು ಶಿವಮ್ಮ, ಹಲಬರ್ಗಾದಿಂದ ಬೀದರಿಗೆ ಮದುವೆಯಾಗಿ ಬಂದವರು. ಸೆರಗು ಬಿಚ್ಚಿ ನನ್ನ ಮೇಜಿನ ಮೇಲೆ ಒಂದು ಹಿಡಿ ಸಣ್ಣ ಬಿಳಿ ಎಸಳುಗಳನ್ನು ಸುರಿದರು.

"ಸಾಹೇಬ್ರ, ಯಾರೋ ಗಿಡಾ ಬದಲ್ ಮಾಡ್ಯಾರ್ರಿ."

"ಕಳ್ಳತನ ಆಗಿದ್ರ ಠಾಣಾಕ್ಕ ಹೋಗ್ರಿ," ಎಂದೆ.

"ಅಲ್ಲೇ ಹೋಗಿದ್ದೆರಿ. ನಕ್ಕು ನಿಮ್ ಕಡಿ ಕಳಿಸ್ಯಾರ."

ನನಗೂ ನಗು ಬಂತು. ಆದರೆ ಆಕೆಯ ಮುಖ ನೋಡಿ ನುಂಗಿಕೊಂಡೆ.

ಶಿವಮ್ಮನವರ ಪಕ್ಕದ ಮನೆಯಲ್ಲಿ ಒಬ್ಬ ಡ್ರಾಯಿಂಗ್ ಮಾಸ್ತರು ಇದ್ದರು. ಹೈದರಾಬಾದಿನಿಂದ ಒಂದು ಹೈಬ್ರಿಡ್ ಟೀ ಗುಲಾಬಿ ತಂದು ಅಂಗಳದಲ್ಲಿ ನೆಟ್ಟಿದ್ದರು. ಉದ್ದನೆಯ ಕಡ್ಡಿಗೆ ಒಂದೇ ಹೂವು ಬಿಡುವ ಜಾತಿ ಅದು. ಅಂಗೈ ತುಂಬುವಷ್ಟು ದೊಡ್ಡ ಗುಲಾಬಿ ಬಣ್ಣದ ಹೂವು. ಒಂದು ಅರಳಿದರೆ ಓಣಿಯವರಿಗೆಲ್ಲ ಗೊತ್ತಾಗುತ್ತಿತ್ತಂತೆ. ಪೊಲೀಸ್ ಆ್ಯಕ್ಷನ್ ಹೊತ್ತಿನ ಗಲಾಟೆಯ ದಿನಗಳಲ್ಲಿ ಮಾಸ್ತರು ಭಾಲ್ಕಿಗೆಂದು ಹೋದವರು ಮರಳಿ ಬರಲಿಲ್ಲ. ಕೆಲವು ದಿನ ಕಾದು, ಅವರ ಹೆಂಡತಿ ಖೈರುನ್ನಿಸಾ ಮನೆಗೆ ಬೀಗ ಹಾಕಿ ಔರಾದಿನ ತವರಿಗೆ ಹೊರಟರು. ಹೊರಡುವಾಗ ಶಿವಮ್ಮನವರ ಕೈ ಹಿಡಿದು, ಈ ಗಿಡ ನಿಮ್ಮ ಹತ್ತಿರ ಅಮಾನತ್ ಎಂದರು.

ನಮ್ಮ ಕಡೆ ಈ ಮಾತಿಗೆ ಬಹಳ ತೂಕ. ಅಮಾನತ್ ಎಂದರೆ ನಂಬಿ ಇಟ್ಟುಹೋದ ವಸ್ತು. ಇಟ್ಟವರು ಯಾರೇ ಇರಲಿ, ಇಟ್ಟುಕೊಂಡವರು ಅದನ್ನು ಬಳಸುವುದಿಲ್ಲ. ಇಟ್ಟುಹೋದದ್ದು ಸರವಾದರೆ ಮಗಳ ಮದುವೆಗೂ ಕೊರಳಿಗೆ ಹಾಕುವುದಿಲ್ಲ. ಕೊಟ್ಟಾಗ ಹೇಗಿತ್ತೋ ಹಾಗೇ ಮರಳಿಸಬೇಕು. ಶಿವಮ್ಮ ಗಿಡವನ್ನೂ ಹಾಗೇ ಕಾದಿದ್ದರು.

"ಒಂದ್ ಹೂವ ಸುದ್ದಾ ಕಿತ್ತಿಲ್ರಿ ನಾ. ಇವು ಉದುರಿದ ಎಸಳರಿ. ನೀರ್ ಹಾಕೀನಿ, ಗೊಬ್ಬರ ಹಾಕೀನಿ. ಕತ್ತರಿ ಅಂತೂ ತೋರ್ಸೇ ಇಲ್ಲ. ಗಿಡಾ ಏನೋ ಆಳೆತ್ತರ ಬೆಳದದ. ಆದ್ರ ಹೂವ ಬ್ಯಾರೆ, ವಾಸನಿ ಬ್ಯಾರೆ. ನಾಳಿ ಖೈರುನ್ ಬೀ ಬಂದ್ರ ಯಾವ ಮಾರಿ ತೋರಿಸ್ಲಿರಿ? ಗಂಡನೂ ಹೋದ, ಗಂಡ ಹಚ್ಚಿದ ಗಿಡಾನೂ ಹೋತು ಅಂತ ನಾ ಹ್ಯಾಂಗ ಹೇಳ್ಲಿ?"

ಗಿಡ ಕದ್ದವಳು ಹಿಂದಿನ ಓಣಿಯ ಒಬ್ಬ ಹೆಂಗಸೇ ಎಂದು ಗುಮಾನಿ ಮಾಡಿ ಆಕೆಯೊಂದಿಗೆ ಮಾತೂ ಬಿಟ್ಟಿದ್ದರಂತೆ.

ಮಧ್ಯಾಹ್ನ ಹೋಗಿ ನೋಡಿದೆ. ಬೀಗ ಹಾಕಿದ ಮಾಸ್ತರ ಮನೆಯ ಮುಂದೆ ಗಿಡ್ಡ ಗೋಡೆಯ ಅಂಗಳ, ಬೀದರಿನ ಕೆಂಪು ಮಣ್ಣು, ನಡುವೆ ಒಂದು ದೊಡ್ಡ ಪೊದೆ. ಯಾರೂ ಏನೂ ಕದ್ದಿರಲಿಲ್ಲ. ಮಾಸ್ತರು ತಂದದ್ದು ಕಣ್ಣು ಕಸಿ ಮಾಡಿದ ಗಿಡ. ಇಂಥ ನಾಜೂಕು ಗುಲಾಬಿ ತನ್ನ ಬೇರಿನ ಮೇಲೆ ಚೆನ್ನಾಗಿ ಬಾಳುವುದಿಲ್ಲ. ಆದ್ದರಿಂದ ಒಂದು ಗಟ್ಟಿ ಕಾಡುಗುಲಾಬಿಯ ತೊಗಟೆ ಸೀಳಿ, ಬೇಕಾದ ಜಾತಿಯ ಒಂದು ಮೊಗ್ಗುಗಣ್ಣನ್ನು ಅದರೊಳಗೆ ಕೂರಿಸಿ ಕಟ್ಟುತ್ತಾರೆ. ಕಣ್ಣು ಹತ್ತಿದ ಮೇಲೆ ಬೇರು ಕಾಡಿನದು, ಹೂವು ನಾಡಿನದು. ಆದರೆ ಬೇರಿನ ಗಿಡ ಸುಮ್ಮನಿರುವುದಿಲ್ಲ; ಕಸಿಯ ಗಂಟಿನ ಕೆಳಗಿನಿಂದ ತನ್ನದೇ ಚಿಗುರು ಕಳಿಸುತ್ತದೆ. ಇವಕ್ಕೆ ಸಕ್ಕರ್ ಎನ್ನುತ್ತಾರೆ. ಕಂಡ ಕೂಡಲೇ ಕಿತ್ತು ಹಾಕಬೇಕು. ಬಿಟ್ಟರೆ ಗಿಡದ ಕಸುವನ್ನೆಲ್ಲ ಅವೇ ತಿಂದು ಮೇಲಿನ ಗುಲಾಬಿಯನ್ನು ಕೊಲ್ಲುತ್ತವೆ.

ಶಿವಮ್ಮ ಅವನ್ನು ಕೀಳಲಿಲ್ಲ. ಅಮಾನತಿನ ಗಿಡದ ಚಿಗುರು ಕೀಳುವುದುಂಟೇ? ಎರಡು ವರ್ಷ ಆಕೆ ನೀರು ಗೊಬ್ಬರ ಹಾಕಿ ಸಾಕಿದ್ದು ಆ ಕಾಡು ಚಿಗುರುಗಳನ್ನೇ. ಪೊದೆ ಸರಿಸಿ ಬುಡ ನೋಡಿದೆ. ಗಂಟಿನ ಮೇಲೆ ಮಾಸ್ತರ ಗುಲಾಬಿಯದು ಒಂದೇ ಒಂದು ಕಡ್ಡಿ ಉಳಿದಿತ್ತು. ಪೆನ್ಸಿಲಿನಷ್ಟು ತೆಳ್ಳಗೆ, ಅರ್ಧ ಒಣಗಿತ್ತು.

"ಸಕ್ಕರ್ ಎಲ್ಲಾ ತೆಗೀಬೇಕು, ಈ ಕಡ್ಡಿನೂ ಅರ್ಧಕ್ಕ ಕತ್ತರಿಸ್ಬೇಕು," ಎಂದೆ. "ಅಷ್ಟು ಮಾಡಿದ್ರೂ ಉಳೀತದ ಅಂತ ಮಾತು ಕೊಡಂಗಿಲ್ಲ."

ಶಿವಮ್ಮ ಗಿಡಕ್ಕೆ ಅಡ್ಡ ನಿಂತುಬಿಟ್ಟರು. "ಇಟ್ಟವ್ರನ್ನ ಕೇಳ್ದೆ ಮುಟ್ಟಬ್ಯಾಡ್ರಿ. ಸತ್ರೂ ಅಕಿ ಗಿಡಾ, ಬದುಕಿದ್ರೂ ಅಕಿ ಗಿಡಾ."

ನನಗೆ ಸಿಟ್ಟು ಬಂತು. ಈ ಪ್ರಾಮಾಣಿಕತೆಯೇ ಗಿಡದ ಕುತ್ತಿಗೆ ಹಿಚುಕುತ್ತಿದೆ ಎಂದು ಬಾಯಿಗೆ ಬಂದ ಮಾತನ್ನು ತಡೆದೆ. ಹೇಗೂ ಆ ವಾರ ಔರಾದ್ ಕ್ಯಾಂಪ್ ಇತ್ತು. ನಾನೇ ಕೇಳಿಕೊಂಡು ಬರುತ್ತೇನೆ ಎಂದೆ.

ಔರಾದಿನಲ್ಲಿ ಖೈರುನ್ನಿಸಾ ಅವರ ಅಣ್ಣ ನನ್ನನ್ನು ಪಡಸಾಲೆಯಲ್ಲಿ ಕೂರಿಸಿ ಚಹಾ ಕೊಟ್ಟರು. ಆಕೆ ಒಳಬಾಗಿಲ ಪರದೆಯ ಹಿಂದೆ ನಿಂತು ಮಾತಾಡಿದರು. ನಾನು ಗಿಡದ ಸ್ಥಿತಿಯನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ.

"ನಮ್ಮವರು ಪ್ರತಿ ವರ್ಷಾ ಮಳಿ ಮುಗದ ಮ್ಯಾಲ ಕತ್ತರಸ್ತಿದ್ರು," ಎಂದರು ಖೈರುನ್ನಿಸಾ. "ಅವರ ಗುರ್ತು ಅಂತ ಕತ್ತರಿ ನಾನೇ ಕಟ್ಕೊಂಡು ಬಂದೀನ್ರಿ. ಗಿಡಾ ಅಕಿ ಕೈಯಾಗ ಕೊಟ್ಟೆ, ಕತ್ತರಿ ನನ್ನ ಹತ್ರ ಇಟ್ಕೊಂಡೆ. ಶಿವಮ್ಮಂದ್ ಏನೂ ತಪ್ಪಿಲ್ಲ."

ಪರದೆಯ ಕೆಳಗಿನಿಂದ ಬಟ್ಟೆಯಲ್ಲಿ ಸುತ್ತಿದ ಕತ್ತರಿ ಹೊರಬಂತು. ಎಣ್ಣೆ ಹಚ್ಚಿ ಇಟ್ಟಿದ್ದರು; ಒಂದು ಚೂರೂ ತುಕ್ಕು ಇರಲಿಲ್ಲ.

"ನೀವು ಕತ್ತರಿಸಬ್ಯಾಡ್ರಿ, ಶಿವಮ್ಮನ ಕೈಲೇ ಮಾಡಸ್ರಿ. ನಾ ಹೇಳೀನಿ ಅಂತ ಹೇಳ್ರಿ."

ನಾನು ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ. ಹೂಗಿಡದ ಕೆಲಸಕ್ಕೆ ನಾನು ಅಷ್ಟು ಜೋಪಾನ ಮಾಡಿದ್ದು ಅದೇ ಮೊದಲು.

ಬೀದರಿಗೆ ಮರಳಿ ಮಾತು ಮುಟ್ಟಿಸಿದಾಗ ಶಿವಮ್ಮ ಕತ್ತರಿಯನ್ನು ಕಣ್ಣಿಗೆ ಒತ್ತಿಕೊಂಡರು. ಸಕ್ಕರನ್ನು ಮೇಲಿಂದ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಮಣ್ಣು ಬಿಡಿಸಿ, ಬೇರಿಗೆ ಅಂಟಿದಲ್ಲಿಂದಲೇ ಎಳೆದು ಕೀಳಬೇಕು. ಹಾಗೆ ಹೇಳಿಕೊಟ್ಟೆ. ಆಳೆತ್ತರದ ಪೊದೆಯ ಚಿಗುರುಗಳು ಒಂದೊಂದಾಗಿ ನೆಲಕ್ಕೆ ಬಿದ್ದಂತೆ ಆಕೆಯ ಕಣ್ಣಿಂದ ನೀರು ಇಳಿಯುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ. ಉಳಿದ ಕಡ್ಡಿಯನ್ನು ಹೊರಮುಖವಾಗಿದ್ದ ಒಂದು ಮೊಗ್ಗುಗಣ್ಣಿನ ತುಸು ಮೇಲೆ, ಓರೆಯಾಗಿ ಆಕೆಯಿಂದಲೇ ತುಂಡು ಮಾಡಿಸಿದೆ. ತುದಿಗೆ ಸಗಣಿ ಮೆತ್ತಿದೆವು. ಅಂಗಳದಲ್ಲಿ ಉಳಿದದ್ದು ಗೇಣುದ್ದದ ಒಂದು ಕಡ್ಡಿ. ಸಂಜೆಗೆ ಓಣಿಯವರೆಲ್ಲ ಬಂದು ನೋಡಿ, ಸರ್ಕಾರದವರು ಬಂದು ಗಿಡ ಕೊಂದರು ಎಂದು ನನಗೆ ಸರ್ಟಿಫಿಕೇಟ್ ಕೊಟ್ಟು ಹೋದರು.

ದೀಪಾವಳಿಯ ಹೊತ್ತಿಗೆ ಆ ಕಣ್ಣು ಒಡೆಯಿತು. ಚಿಗುರು ಕೆಂಪಗಿತ್ತು, ಎಲೆ ದಪ್ಪಗಿತ್ತು, ಮಾಸ್ತರ ಗುಲಾಬಿಯದೇ. ಚಳಿ ಏರಿದ ಮೇಲೆ ಅದರ ತುದಿಗೆ ಒಂದು ಮೊಗ್ಗು ನಿಂತಿತು. ನಾನು ಔರಾದಿಗೆ ಸುದ್ದಿ ಮುಟ್ಟಿಸಿದೆ.

ಖೈರುನ್ನಿಸಾ ಅಣ್ಣನ ಜೊತೆ ಬಸ್ಸಿನಲ್ಲಿ ಬಂದರು. ಬೀಗ ಹಾಕಿದ ಮೇಲೆ ಬೀದರಿಗೆ ಅದೇ ಮೊದಲ ಸಲ. ಮನೆಯ ಬೀಗ ತೆಗೆಯಲಿಲ್ಲ. ನೇರ ಗಿಡದ ಹತ್ತಿರ ಹೋಗಿ ಕುಳಿತರು. ಹೂವು ಪೂರ್ತಿ ಅರಳಿತ್ತು. ಬಗ್ಗಿ ಮೂಸಿದರು. ಹಾಗೇ ಮುಖ ಅಲ್ಲಿಟ್ಟುಕೊಂಡು ಅತ್ತರು. ಶಿವಮ್ಮ ದೂರದಲ್ಲಿ, ತಪ್ಪಿತಸ್ಥರ ಹಾಗೆ ಗೋಡೆಗೆ ಒರಗಿ ನಿಂತಿದ್ದರು.

ಆಮೇಲೆ ಖೈರುನ್ನಿಸಾ ಎದ್ದು ಕತ್ತರಿ ಕೇಳಿದರು. ಹೂವನ್ನು ಕಡ್ಡಿಯ ಸಮೇತ ಕತ್ತರಿಸಿದರು.

"ಅಯ್ಯ ಬೀ, ಇರೂದು ಒಂದೇ ಅದರಿ!" ಎಂದು ಶಿವಮ್ಮ ಓಡಿ ಬಂದರು.

ಖೈರುನ್ನಿಸಾ ಆಕೆಯ ಭುಜ ಹಿಡಿದು ತಿರುಗಿಸಿ, ಹೂವನ್ನು ತುರುಬಿಗೆ ಮುಡಿಸಿದರು. "ಅಮಾನತ್ ಮುಟ್ಟಿತು," ಎಂದರು. "ಇನ್ನ ಇದು ನಿಮ್ದರಿ. ನಂಗ ಕಸಿ ಕಟ್ಟಾಕ ಇದರದು ಒಂದ್ ಕಣ್ಣು ಕೊಡ್ರಿ, ಸಾಕು."

ಆ ಚಳಿಗಾಲದಲ್ಲೇ ಭಾಲ್ಕಿಯ ನರ್ಸರಿಯಿಂದ ಕಾಡುಗುಲಾಬಿಯ ಗಿಡ ತಂದು, ಮಾಸ್ತರ ಗಿಡದ ಕಣ್ಣು ಕೂರಿಸಿ ಬಾಳೆನಾರಿನಿಂದ ಕಟ್ಟಿದೆ. ಔರಾದಿನದು ಕಪ್ಪು ಮಣ್ಣು, ನೀರು ಹಿಡಿದಿಟ್ಟು ಗುಲಾಬಿಯ ಬೇರು ಕೊಳೆಸುತ್ತದೆ. ಹಾಗಾಗಿ ಗಿಡದ ಜೊತೆ ಎರಡು ಚೀಲ ಬೀದರಿನ ಕೆಂಪು ಮಣ್ಣನ್ನೂ ಕಳಿಸಿದೆವು.

ನಿವೃತ್ತನಾಗಿ ಎಷ್ಟೋ ವರ್ಷವಾಯಿತು. ಗುಲಾಬಿ ಯಾಕೋ ಹೂ ಬಿಡುತ್ತಿಲ್ಲ ಎಂದು ಈಗಲೂ ಜನ ಮನೆಗೆ ಬರುತ್ತಾರೆ. ನಾನು ನೀರು, ಗೊಬ್ಬರದ ಮಾತು ಆಮೇಲೆ ಎತ್ತುತ್ತೇನೆ. ಪ್ರೀತಿಯಿಂದ ಕಾಯುವವರು ಅವೆರಡನ್ನೂ ಹೇಗೂ ಹಾಕಿರುತ್ತಾರೆ. ಮೊದಲು ಕೇಳುವುದು ಇಷ್ಟೇ: ಗಿಡ ಕೊಟ್ಟವರು ಕತ್ತರಿಯನ್ನೂ ಕೊಟ್ಟಿದ್ದಾರೆಯೇ?