ಚೀನಾದಿಂದ ಬಂದ ಗುರುಬಸವ

ಉಣಕಲ್‌ನ ನಮ್ಮ ಓಣಿಯಲ್ಲಿ ಗುರುಬಸವನ ಗೇಟಿನ ಕಮಾನಿಗೆ ಒಂದು ಬೋರ್ಡು ತೂಗುತ್ತಿತ್ತು: ‘ಚೀನಾ ಉತ್ಪಾದನೆ ಹಾಗೂ ಪೂರೈಕೆ ಸಲಹೆಗಾರರು’. ಒಳಗೆ ಹೋಗುವವರು ತಲೆ ತಗ್ಗಿಸಲೇಬೇಕು. ಆ ಎತ್ತರವನ್ನು ಅವನೇ ನಿಂತು ಅಳತೆ ಮಾಡಿಸಿದ್ದ.

೧೯೯೭ರಲ್ಲಿ ಅವನು ಮುಂಬೈ ವ್ಯಾಪಾರಿಗಳ ಜೊತೆ ಎಂಟು ದಿನ ಚೀನಾಕ್ಕೆ ಹೋಗಿ, ಅವಲಕ್ಕಿ, ಶೇಂಗಾ ಚಟ್ನಿ ತಿಂದು ಬದುಕಿಬಂದದ್ದು ಖರೆ. ಅಲ್ಲಿಂದ ಮುಂದೆ ಹುಬ್ಬಳ್ಳಿಯ ಪಂಪು, ಸ್ಪ್ರೇಯರ್ ವ್ಯಾಪಾರಿಗಳು ಅವನನ್ನು ಕೇಳದೆ ಚೀನಾದ ಒಂದು ನಟ್ಟನ್ನೂ ತರಿಸುತ್ತಿರಲಿಲ್ಲ. ಸಲಹೆಯೇನೂ ಕೆಟ್ಟದ್ದಲ್ಲ. ಯಾವ ಕಾರ್ಖಾನೆಯ ಮಾಲು ಆರು ತಿಂಗಳಿಗೆ ತುಕ್ಕು ಹಿಡಿಯುತ್ತದೆ, ಯಾರು ಸ್ಯಾಂಪಲ್ ಒಂದು ತೋರಿಸಿ ಇನ್ನೊಂದು ತುಂಬುತ್ತಾರೆ, ಎಲ್ಲ ಅವನಿಗೆ ಬಾಯಿಪಾಠ. ಆದರೆ ಈ ವಿದ್ಯೆ ಅವನಿಗೆ ದಕ್ಕುತ್ತಿದ್ದದ್ದು ಮುಂಬೈಯ ಗೋದಾಮುಗಳಲ್ಲಿ. ವರ್ಷಕ್ಕೆರಡು ಸಲ ಸ್ಟೇಶನ್ನಿನಲ್ಲಿ ಹಾರ ಹಾಕಿಸಿಕೊಂಡು ಚೀನಾಕ್ಕೆ ಹೊರಟವನು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಹೆಂಡತಿಯ ತಮ್ಮನ ಮನೆಯಲ್ಲಿ ಹತ್ತು ದಿನ ಇದ್ದು ಬರುತ್ತಿದ್ದ. ಇದು ಅವನ ಹೆಂಡತಿ ದ್ರಾಕ್ಷಾಯಿಣಿಗೆ ಗೊತ್ತು. ಅವಳು ನನ್ನ ಹೆಂಡತಿಗೆ ಹೇಳಿದ್ದರಿಂದ ನನಗೂ ಗೊತ್ತಾಯಿತು, ಆದರೆ ಬಹಳ ತಡವಾಗಿ.

೨೦೦೩ರ ಏಪ್ರಿಲ್‌ನಲ್ಲಿ ಹಾಗೆಯೇ ಹೋಗಿದ್ದ. ಅದೇ ಹೊತ್ತಿಗೆ ಪೇಪರಿನಲ್ಲಿ ಸಾರ್ಸ್ ಎಂಬ ಜಡ್ಡಿನ ಸುದ್ದಿ ದೊಡ್ಡದಾಯಿತು. ಚೀನಾದಿಂದ ಬಂದವರ ಉಸಿರು ತಾಗಿದರೂ ಸಾಕಂತೆ. ಗುರುಬಸವ ಊರಿಗೆ ಬಂದಿಳಿದಾಗ ಓಣಿಯ ಕಿಟಕಿಗಳೆಲ್ಲ ಮುಚ್ಚಿಕೊಂಡವು. ನಾನು ಮಾತ್ರ ನೆರೆಮನೆಯವನ ಕರ್ತವ್ಯವೆಂದು ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿಕೊಂಡು, ಕಂಪೌಂಡಿನ ಈಚೆಯಿಂದ ಕುಶಲ ಕೇಳಿದೆ.

ನಾಲ್ಕು ದಿನಕ್ಕೆ ಅವನ ಮಗಳು ಸೌಂದರ್ಯಾಳ ನಿಶ್ಚಯವಿತ್ತು. ವರನ ತಂದೆ, ಮಾಳಮಡ್ಡಿಯ ಮೋಟರ್ ಅಂಗಡಿಯ ಕಲ್ಲೇಶಪ್ಪ, ಫೋನ್ ಮಾಡಿದರು. ತಪ್ಪು ತಿಳಿಯಬೇಡಿ, ಬೀಗರು ಮಹಡಿಯ ಮೇಲೆಯೇ ಇದ್ದು ಕೆಳಗೆ ಇಳಿಯದಿದ್ದರೆ ಬರುತ್ತೇವೆ, ಇಲ್ಲವಾದರೆ ಮುಂದಿನ ವರ್ಷ ನೋಡೋಣ ಎಂದರು.

ದ್ರಾಕ್ಷಾಯಿಣಿ ಗಂಡನ ಮುಂದೆ ಪಾಸ್‌ಪೋರ್ಟ್ ತಂದಿಟ್ಟಳು.

“ತೋರಿಸಿಬಿಡ್ರಿ. ನೀವು ಹೋಗೇ ಇಲ್ಲಂತ ಇದರಾಗ ಐತಿ. ಮಗಳ ಉಡಿ ತುಂಬೂ ಮುಂದ ಅಪ್ಪ ಬಾಜೂಕ ಇರಬ್ಯಾಡೇನು?”

“ಈ ಸಲ ಹೋಗಿಲ್ಲಂತ ತೋರಸೂದಾ, ಆರು ವರ್ಷದಿಂದ ಹೋಗಿಲ್ಲಂತ ತೋರಸೂದಾ? ಚೈನಾಕ್ಕ ಹೋಗಿದ್ದಕ್ಕ ಒಂದs ಸಿಕ್ಕಾ ಒತ್ತ್ಯಾರ ಅದರಾಗ. ಕಲ್ಲೇಶಪ್ಪ ಈ ಸಂಬಂಧಕ್ಕ ಹೂಂ ಅಂದಿದ್ದs ಚೈನಾ ನೋಡಿ.”

ಪಾಸ್‌ಪೋರ್ಟ್ ಮತ್ತೆ ಟ್ರಂಕಿನ ತಳ ಸೇರಿತು. ಗುರುಬಸವ ಹಾಸಿಗೆ ಸುತ್ತಿಕೊಂಡು ಮಹಡಿ ಹತ್ತಿದ. ಊಟದ ತಾಟು ಮೆಟ್ಟಿಲ ಮೇಲೆ ಬರತೊಡಗಿತು. ಮನೆಯಲ್ಲಿ ನೆಂಟರು ತುಂಬಿದ್ದರಿಂದ ಹೆಂಡತಿಯೂ ಮೂಗಿಗೆ ಸೆರಗು ಹಿಡಿದೇ ತಾಟಿಡಬೇಕಾಯಿತು.

ನಿಶ್ಚಯದ ದಿನ ಅಂಗಳದ ಚಪ್ಪರದಾಚೆ ಬಿಸಿಲಲ್ಲಿ ನಿಂತವನು ನಾನೊಬ್ಬನೇ ಇರಬೇಕು, ಮಹಡಿಯ ಕಿಟಕಿ ಕಾಣುವ ಜಾಗ ಅದೊಂದೇ. ಗುರುಬಸವ ಕೋಟು ತೊಟ್ಟು, ಸರಳು ಹಿಡಿದು ನಿಂತಿದ್ದ. ಚಪ್ಪರದೊಳಗಿನದು ಅವನಿಗೆ ಕೇಳುತ್ತಿತ್ತೇ ಹೊರತು ಕಾಣುತ್ತಿರಲಿಲ್ಲ.

ಉಡಿ ತುಂಬಿದ ಮೇಲೆ ಸೌಂದರ್ಯಾ ಚಪ್ಪರದ ಹೊರಗೆ ಬಂದಳು. ಹಿಂದೆಯೇ ಮೂಗಿಗೆ ಕರವಸ್ತ್ರ ಹಿಡಿದ ಕಲ್ಲೇಶಪ್ಪ ಬಂದು ಮೇಲಕ್ಕೆ ನೋಡಿದರು.

“ಬೀಗರ, ಅಲ್ಲೆ ಈಗ ಅರ್ಧ ಎಚ್‌ಪಿ ಮೋಟರ್ ಏನ್ ರೇಟ್ ನಡದೈತ್ರಿ?”

ಗುರುಬಸವ ಮಗಳನ್ನು ನೋಡಿದ, ಬೀಗರನ್ನು ನೋಡಿದ.

“ಜಡ್ಡು ಬಂದಮ್ಯಾಲ ಇಳದೈತ್ರಿ. ಖುದ್ದ ವಿಚಾರಿಸಿ ಬಂದೇನಿ.”

ಸೌಂದರ್ಯಾ ಅಲ್ಲಿಯೇ ನೆಲ ಮುಟ್ಟಿ ನಮಸ್ಕಾರ ಮಾಡಿದಳು. ಗುರುಬಸವ ಆಶೀರ್ವಾದಕ್ಕೆ ಕೈ ಎತ್ತಿದ. ಅದು ಸರಳುಗಳ ನಡುವೆ ಹೊರಬರಲಿಲ್ಲ. ಕೆಳಗೆ ಕಲ್ಲೇಶಪ್ಪ, ವೈಂಡಿಂಗ್ ತಾಮ್ರದ್ದೋ ಅಲ್ಯೂಮಿನಿಯಂದೋ ಎಂದು ಕೇಳುತ್ತಿದ್ದರು.