ಸಂಜೆಯಾದರೂ ಆರದ ಮಾತು

ಇಂದು ಸವಣೂರಿನ ಸಂತೆಯಲ್ಲಿ ವೀಳ್ಯದೆಲೆಯ ಹಸಿ ವಾಸನೆ ಮೂಗಿಗೆ ಬಡಿದು, ಅವ್ವನ ಎಲೆಸಂಚಿ ನೆನಪಾಯಿತು.

ಅವ್ವ ಮತ್ತು ಅವಳ ತಂಗಿ, ನಮ್ಮ ಚಿಗವ್ವ, ಒಂದೇ ಓಣಿಗೆ ಸೊಸೆಯರಾಗಿ ಬಂದವರು. ನಳದ ನೀರಿಗೋ, ಕೋಳಿ ಕೆದರಿದ ಕಾಳಿಗೋ ಬೆಳಗಾದರೆ ಜಗಳ. “ನಾ ಸತ್ರೂ ನಿನ್ನ ಮಾರಿ ನೋಡಂಗಿಲ್ಲ!” ಎಂದು ಅವ್ವ ಓಣಿಗೆಲ್ಲ ಕೇಳುವಂತೆ ಒದರುತ್ತಿದ್ದಳು. ಸಂಜೆ ಕಟ್ಟೆಯ ಮೇಲೆ ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರಿ, “ತಗೋ, ಒದರಿ ಒದರಿ ಬಾಯಿ ಒಣಗಿರ್ಬೇಕು” ಎಂದು ಅದೇ ತಂಗಿಗೆ ಕೊಡುತ್ತಿದ್ದಳು. ಬೆಳಗಿನ ಮಾತು ಸಂಜೆಗೆ ಯಾರ ಬಳಿಯೂ ಉಳಿದಿರುತ್ತಿರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಮನೆತನದ ವಾಟ್ಸಾಪ್ ಗ್ರೂಪ್ ಬಂತು. ದೂರದ ಊರಿನ ಮೊಮ್ಮಕ್ಕಳ ಮುಖ ನೋಡಿ ಇಬ್ಬರೂ ಹಿಗ್ಗಿದರು, ಸುಳ್ಳಲ್ಲ. ಓದು ಬಾರದ ಅವ್ವ ವಾಯ್ಸ್ ಮೆಸೇಜ್ ಕಳಿಸುವುದನ್ನು ಕಲಿತಳು. ಚಿಗವ್ವನ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ತನ್ನನ್ನು ಎಲ್ಲರಿಗಿಂತ ಕಡೆಗೆ ಕರೆದರೆಂದು ಸಿಟ್ಟಾಗಿ, ಅದೇ ಹಳೆಯ ಮಾತನ್ನು ಗ್ರೂಪಿನಲ್ಲಿ ಒದರಿದಳು. ನೆಂಟರು ನಗುವ ಇಮೋಜಿ ಒತ್ತಿದರು; ಯಾರೋ ಅದನ್ನು ಚಿಗವ್ವನ ಬೀಗರಿಗೂ ಕಳಿಸಿದರು. ಎಷ್ಟು ಮಂದಿಯನ್ನು ಕೂಡಿಸಿತ್ತೋ ಅಷ್ಟೂ ಮಂದಿಯೆದುರು ಮಾನ ಕಳೆಯಿತು ಈ ಹಾಳು ಗ್ರೂಪು. ಚಿಗವ್ವ ಆ ಮೆಸೇಜನ್ನು ಮತ್ತೆ ಮತ್ತೆ ಕೇಳಿದಳು.

ಆ ಸಂಜೆಯೂ ಅವ್ವ ಸಂಚಿ ಬಿಚ್ಚಿ ಕುಳಿತಳು. ತಂಗಿ ಬರಲಿಲ್ಲ. ಅವ್ವ ಸಾಯುವವರೆಗೂ ಬರಲಿಲ್ಲ.

ಇಂದು ಎಲೆ ಕೊಂಡು ಚಿಗವ್ವನ ಮನೆಗೆ ಹೋದೆ. ಎಲೆ ಮುಟ್ಟದೆ, “ನಿಮ್ಮವ್ವನ ಧ್ವನಿ ಒಮ್ಮೆ ಕೇಳಸೋ” ಎಂದಳು. ನನ್ನ ಮೊಬೈಲಿನಲ್ಲಿ ಉಳಿದಿರುವುದು ಆ ಜಗಳದ ಮೆಸೇಜ್ ಒಂದೇ ಎಂದೆ.

“ಗೊತ್ತೈತಿ. ಅದನ್ನ ಹಚ್ಚು.”