ಐವಿನ್‌ನ ಎಡಗೈ

ಲಿಲ್ಲೆಹಾಮರ್ ಊರಿನ ನಮ್ಮ ಪ್ರಯೋಗಾಲಯದ ಟೂರುನ್‌ಗೆ ಯಾರ ಮುಖವೂ ನೆನಪಿರುವುದಿಲ್ಲ. ಸ್ಕೀ ಓಟಗಾರರ ಮೈಗೆ ಹೊಳೆಯುವ ಪುಟ್ಟ ಗುಂಡುಗಳನ್ನು ಅಂಟಿಸಿ, ಚಕ್ರದ ಸ್ಕೀ ತೊಡಿಸಿ ಟ್ರೆಡ್‌ಮಿಲ್ ಮೇಲೆ ಓಡಿಸುತ್ತಾಳೆ. ಆ ಗುಂಡುಗಳು ಪರದೆಯ ಮೇಲೆ ಚುಕ್ಕಿಗಳಾಗಿ ಕುಣಿಯುವುದನ್ನು ನೋಡಿ ತಪ್ಪು ಹುಡುಕುವುದೇ ಅವಳ ಕೆಲಸ. ಮನುಷ್ಯನ ಕಡೆ ತಿರುಗಿಯೂ ನೋಡುವುದಿಲ್ಲ, ದಿನವೂ ಜೊತೆಗೆ ಬರುವ ತನ್ನ ನಾಯಿಯ ಕಡೆಗೂ ಇಲ್ಲ. ದಿನವೂ ಪಕ್ಕದ ಕುರ್ಚಿಯಲ್ಲಿ ಕೂರುವ ನಾನು ಅಂಗಡಿಯಲ್ಲಿ ಸಿಕ್ಕರೆ, ನಾಲ್ಕು ಹೆಜ್ಜೆ ನಡೆದು ತೋರಿಸಿದ ಮೇಲೇ ಗುರುತು ಹಿಡಿಯುತ್ತಾಳೆ, ಪುಣ್ಯಾತಗಿತ್ತಿ.

ಮೊನ್ನೆ ರಾಷ್ಟ್ರೀಯ ತಂಡದ ಐವಿನ್ ಬಂದಿದ್ದ. ಅವನ ಎಡಗೈ ಎಂದರೆ ಅವಳಿಗೆ ಮೈಯೆಲ್ಲ ಉರಿ. ಕೋಲು ಊರಿದ ಮೇಲೆ ಆ ಕೈ ಪೂರ್ತಿ ಹಿಂದಕ್ಕೆ ಹೋಗುವುದೇ ಇಲ್ಲ. ಅವನು ಓಡತೊಡಗಿದ ಸ್ವಲ್ಪ ಹೊತ್ತಿಗೆ ಟೂರುನ್ ಪರದೆಯೆದುರು ಕೂಗಿದಳು:

“ಅಯ್ಯೋ, ಏನ್ ಎಡಗೈನೋ ಇದು! ಪೂರ್ತಿ ಹಿಂದಕ್ಕೆ, ನೆಲ ಮುಟ್ಟೋ ಹಾಗೆ ಬೀಸ್ತಿದೆ! ಭೇಷ್, ಭೇಷ್!”

ಹೊಗಳಿದಷ್ಟೂ ಆ ಚುಕ್ಕಿ ಇನ್ನೂ ಜೋರಾಗಿ, ಇನ್ನೂ ಸೊಗಸಾಗಿ ಬೀಸಿತು.

“ಅಕ್ಕಾ,” ಐವಿನ್ ಏದುಸಿರಿನಲ್ಲೇ ಹೇಳಿದ, “ಎಡಗೈ ಗುಂಡು ಆಗ್ಲೇ ಬಿದ್ಹೋಯ್ತು. ನಿಮ್ಮ ನಾಯಿ ಬಾಲಕ್ಕೆ ಅಂಟ್ಕೊಂಡಿದೆ ನೋಡಿ.”

ಟೂರುನ್ ಕೊನೆಗೂ ಪರದೆ ಬಿಟ್ಟು ತಿರುಗಿದಳು. ಟ್ರೆಡ್‌ಮಿಲ್ ಪಕ್ಕದಲ್ಲಿ ಮಲಗಿ ಬಾಲ ಆಡಿಸುತ್ತಿದ್ದ ನಾಯಿಯನ್ನು ನೋಡಿದಳು, ಐವಿನ್‌ನನ್ನು ನೋಡಿದಳು. ನಾಚಿಕೊಳ್ಳುತ್ತಾಳೆ ಎಂದುಕೊಂಡರೆ, ಅವನ ಮೇಲೇ ಹರಿಹಾಯ್ದಳು:

“ಎರಡು ಮಾತು ಹೊಗಳಿದ್ದಕ್ಕೇ ಅದು ಎಷ್ಟು ಸುಧಾರಿಸ್ತು ನೋಡು! ನಿಂಗೆ ನಾಲ್ಕು ವರ್ಷದಿಂದ ಬೈತಾ ಇದೀನಿ!”

ಐವಿನ್ ಟ್ರೆಡ್‌ಮಿಲ್ ನಿಲ್ಲಿಸಿದ.

“ಅದನ್ನೇ ಅಕ್ಕಾ ನಾನೂ ಹೇಳೋದು. ಒಂದ್ಸಲ ನನ್ನನ್ನೂ ಹೊಗಳಿ ನೋಡಿ.”